ಸ್ಪ್ರಿಂಗ್, ಶಾಕ್ ಬದಲಿಸಿದ ಕಾರಿನ ಮುಂಚಕ್ರ ಅಲೈನ್‌ಮೆಂಟ್: ದೋಷ ಹುಡುಕುವ ಕ್ರಮ

ಕಂಪನಿಯ ಸ್ಪ್ರಿಂಗ್ ತೆಗೆದು ಗಿಡ್ಡ ಸ್ಪ್ರಿಂಗ್ ಅಥವಾ ಎತ್ತರ ಹೊಂದಿಸಬಹುದಾದ ಕಾಯಿಲೋವರ್ (ಶಾಕ್ ಸುತ್ತ ಸ್ಪ್ರಿಂಗ್ ಇರುವ ಜೋಡಣೆ) ಹಾಕಿಸಿದ ಮೇಲೆ, ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಮಾಡಿಸಿದರೂ ಗಾಡಿ ಒಂದು ಬದಿಗೆ ಎಳೆಯುವುದು, ಸ್ಟೀರಿಂಗ್ ಓರೆಯಾಗಿ ನಿಲ್ಲುವುದು, ಹೊಸ ಟೈರಿನ ಒಳ ಅಂಚು ಬೇಗನೆ ಸವೆಯುವುದು ಸಾಮಾನ್ಯ ದೂರುಗಳು. ಟೈ ರಾಡ್ (ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳು) ತಿರುಗಿಸಿ ಯಂತ್ರದ ಪರದೆಯ ಅಂಕಿಗಳನ್ನು ಹಸಿರಿಗೆ ತರುವುದು ಸುಲಭ. ಆದರೆ ದೋಷ ಬೇರೆ ಕಡೆ ಇದ್ದರೆ ಅದು ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಇಲ್ಲಿ ಹೇಳುವ ಕ್ರಮ ಸ್ವಿಫ್ಟ್, ಐ20, ಪೋಲೊ ಮೊದಲಾದ, ಮುಂಭಾಗದಲ್ಲಿ ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬವಾಗಿ ಸೇರಿದ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರುಗಳಿಗೆ ಸಂಬಂಧಿಸಿದ್ದು. ಇಂಥ ಬಹುತೇಕ ಕಾರುಗಳಲ್ಲಿ ಸುಲಭವಾಗಿ ಹೊಂದಿಸಲು ಬರುವುದು ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದೇ ಎಂಬುದನ್ನು ಮೊದಲು ನೆನಪಿಡಬೇಕು.

ಗಾಡಿ ತಗ್ಗಿದಾಗ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಕೋನ ಬದಲಾಗಿ, ಚಕ್ರದ ಮೇಲ್ತುದಿ ಒಳಕ್ಕೆ ವಾಲುತ್ತದೆ, ಅಂದರೆ ಕ್ಯಾಂಬರ್ ನೆಗೆಟಿವ್ ಕಡೆಗೆ ಸರಿಯುತ್ತದೆ. ಟೈ ರಾಡ್ ಮತ್ತು ಲೋವರ್ ಆರ್ಮ್ ಒಂದೇ ಕಂಸದಲ್ಲಿ ಚಲಿಸದಿರುವುದರಿಂದ ಟೋ ಕೂಡ ಬದಲಾಗುತ್ತದೆ. ಚಕ್ರಗಳ ಮುಂಭಾಗ ಒಳಕ್ಕೆ ತಿರುಗುತ್ತದೆಯೋ ಹೊರಕ್ಕೋ ಎಂಬುದು ಸ್ಟೀರಿಂಗ್ ರ‍್ಯಾಕ್ ಇರುವ ಜಾಗವನ್ನೂ ಟೈ ರಾಡಿನ ಇಳಿಜಾರನ್ನೂ ಅವಲಂಬಿಸಿದೆ. ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನೇ ದೂರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಟೈರನ್ನು ಹೆಚ್ಚು ತಿನ್ನುವುದು ಟೋ. ಒಂದೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್ ಇದ್ದರೂ ಟೋ ಸರಿಯಿದ್ದರೆ ಟೈರ್ ಸಾಕಷ್ಟು ಬಾಳುತ್ತದೆ. ಇವೆರಡರಲ್ಲಿ ಯಾವುದು ಎಂದು ತಿಳಿಯಲು ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ, ಎರಡೂ ದಿಕ್ಕಿಗೆ ಮೆಲ್ಲನೆ ಸವರಿ ನೋಡಬೇಕು. ಹೊರಗಿನಿಂದ ಒಳಕ್ಕೆ ಸವರುವಾಗ ಗರಗಸದಂತೆ ಚುಚ್ಚಿ, ಒಳಗಿನಿಂದ ಹೊರಕ್ಕೆ ನುಣುಪಾಗಿದ್ದರೆ ಚಕ್ರಗಳು ಹೊರಮುಖವಾಗಿವೆ. ಇದಕ್ಕೆ ವಿರುದ್ಧವಾಗಿದ್ದರೆ ಒಳಮುಖವಾಗಿವೆ. ಎರಡೂ ದಿಕ್ಕಿಗೆ ನುಣುಪಾಗಿದ್ದು ಒಳ ಅಂಚು ಮಾತ್ರ ತೆಳುವಾಗಿದ್ದರೆ ಕ್ಯಾಂಬರನ್ನು ಅನುಮಾನಿಸಬಹುದು.

ಯಂತ್ರಕ್ಕೆ ಏರಿಸುವ ಮೊದಲು ಗಾಳಿಯ ಒತ್ತಡ ಸರಿಪಡಿಸಿ, ಸಮತಟ್ಟಾದ ನೆಲದಲ್ಲಿ ಪ್ರತಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಅಳೆದು ಬರೆದಿಟ್ಟುಕೊಳ್ಳಿ. ಎಡಬಲಗಳಲ್ಲಿ ಗಮನಾರ್ಹ ವ್ಯತ್ಯಾಸ ಕಂಡರೆ ಅಲೈನ್‌ಮೆಂಟ್ ಅಲ್ಲಿಗೇ ನಿಲ್ಲಿಸಿ, ಅದರ ಕಾರಣ ಹುಡುಕಬೇಕು. ನಂತರ ಗಾಡಿಯನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಕಂಡರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಪರೀಕ್ಷಿಸಬೇಕು. ಸಡಿಲ ಇರುವಾಗ ತೆಗೆದ ಅಳತೆಗೆ ಬೆಲೆಯಿಲ್ಲ.

ಕಂಪನಿಯದಲ್ಲದ ಬಿಡಿಭಾಗ ಹಾಕಿದ ಗಾಡಿಗಳಲ್ಲಿ ವಿಶೇಷವಾಗಿ ಎರಡು ತಪ್ಪುಗಳು ಕಾಣುತ್ತವೆ. ಮೊದಲನೆಯದು ಸ್ಪ್ರಿಂಗ್ ಕೂತ ಬಗೆ. ಸ್ಪ್ರಿಂಗಿನ ಕೊನೆ ಕೆಳಗಿನ ಬಟ್ಟಲಿನ ಮೆಟ್ಟಿಲಿಗೆ ತಾಗಿ ಕೂರಬೇಕು. ಅದು ಮೆಟ್ಟಿಲನ್ನು ಹತ್ತಿ ಕೂತಿದ್ದರೆ ಅಥವಾ ಮೇಲಿನ ಮೌಂಟ್ ಬೇರಿಂಗ್ ಓರೆಯಾಗಿದ್ದರೆ, ನಿಂತ ಗಾಡಿಯ ಸ್ಟೀರಿಂಗನ್ನು ಪೂರ್ತಿ ತಿರುಗಿಸುವಾಗ ಟಕ್ ಎಂಬ ಸದ್ದು ಬರುತ್ತದೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನಡುವಿಗೆ ಮರಳುವುದಿಲ್ಲ. ಒಬ್ಬರು ಸ್ಟೀರಿಂಗ್ ತಿರುಗಿಸುವಾಗ ಇನ್ನೊಬ್ಬರು ಸ್ಪ್ರಿಂಗಿನ ಮೇಲೆ ಕೈಯಿಟ್ಟರೆ, ನುಣುಪಾಗಿ ತಿರುಗುವ ಬದಲು ತಡೆದು ನೆಗೆಯುವುದು ಕೈಗೇ ತಿಳಿಯುತ್ತದೆ. ಆದರೆ ಬೆರಳುಗಳನ್ನು ಸುರುಳಿಗಳ ನಡುವೆ ತೂರಿಸಲೇಬಾರದು. ಎರಡನೆಯದು ಲೋವರ್ ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಷ್. ಚಕ್ರ ತೂಗಾಡುತ್ತಿರುವಾಗಲೇ ಆರ್ಮಿನ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಉಳಿದು, ಎತ್ತರವನ್ನು ಕೆಡಿಸಿ, ಬೇಗನೆ ಹರಿಯುತ್ತದೆ. ಬೋಲ್ಟ್ ಸಡಿಲಿಸಿ, ಚಕ್ರಗಳ ಮೇಲೆ ಪೂರ್ತಿ ಭಾರ ಬಿಟ್ಟು, ಗಾಡಿಯನ್ನು ಮುಂದಿನಿಂದ ಒತ್ತಿ ಕುಪ್ಪಳಿಸಿ, ಆಮೇಲೆ ಟಾರ್ಕ್ ರೆಂಚ್‌ನಿಂದ ಕಂಪನಿ ಸೂಚಿಸಿದಷ್ಟೇ ಬಿಗಿಯಬೇಕು.

ಇವೆಲ್ಲ ಸರಿಯಾದ ಮೇಲೆ ಹೊಂದಿಸುವ ಕ್ರಮ: ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ, ಬದಿಯಿಂದ ನೋಡಿದರೆ ಮುಂದೆ ಹಿಂದೆ ವಾಲಿರುವ ಕೋನ), ಕ್ಯಾಂಬರ್, ಕೊನೆಗೆ ಟೋ. ಕ್ಯಾಂಬರ್ ಬದಲಿಸಿದರೆ ಟೋ ಬದಲಾಗುವುದರಿಂದ ಈ ಕ್ರಮವನ್ನು ತಪ್ಪಿಸುವಂತಿಲ್ಲ. ಸ್ಟ್ರಟ್ಟನ್ನು, ಚಕ್ರದ ಬೇರಿಂಗ್ ಹಿಡಿದಿರುವ ನಕಲ್‌ಗೆ ಎರಡು ಬೋಲ್ಟ್‌ಗಳಿಂದ ಜೋಡಿಸಿರುವ ಗಾಡಿಯಲ್ಲಿ, ಅವನ್ನು ಸಡಿಲಿಸಿ ಚಕ್ರದ ಮೇಲ್ಭಾಗವನ್ನು ಹೊರಕ್ಕೆಳೆದು ಬಿಗಿದರೆ ರಂಧ್ರದ ಅವಕಾಶದಷ್ಟು ಕ್ಯಾಂಬರ್ ಸಿಗುತ್ತದೆ. ಸಾಲದಿದ್ದರೆ ಕ್ಯಾಂಬರ್ ಬೋಲ್ಟ್ ಹಾಕಬೇಕು. ಎಡಬಲಗಳ ಕ್ಯಾಂಬರ್ ವ್ಯತ್ಯಾಸ ಅರ್ಧ ಡಿಗ್ರಿ ಮೀರದಂತೆ ನೋಡಿಕೊಳ್ಳಿ. ಯಂತ್ರದಲ್ಲಿರುವ ಕ್ಯಾಂಬರ್ ಅಂಕಿ ಕಂಪನಿಯ ಎತ್ತರಕ್ಕೆ ಹೇಳಿದ್ದು. ತಗ್ಗಿಸಿದ ಗಾಡಿಯಲ್ಲಿ ಅದು ಕೆಂಪು ತೋರಿದರೆ ಗಾಬರಿ ಬೇಡ, ಆದರೆ ಟೋ ಮಾತ್ರ ಕಂಪನಿಯ ಮಿತಿಯಲ್ಲೇ ಇರಲಿ. ಮುದ್ರಿತ ಹಾಳೆ ಓದುವಾಗ 1 ಡಿಗ್ರಿ 30 ಮಿನಿಟ್ ಎಂದರೆ ಒಂದೂವರೆ ಡಿಗ್ರಿ, 1.30 ಅಲ್ಲ ಎಂಬುದನ್ನು ಗಮನಿಸಿ. ಈ ಗೊಂದಲದಿಂದ ಎಡಬಲದ ಲೆಕ್ಕವೇ ತಪ್ಪುತ್ತದೆ.

ಗಾಡಿ ಇನ್ನೂ ಎಳೆಯುತ್ತಿದ್ದರೆ, ಪಾಸಿಟಿವ್ ಕ್ಯಾಂಬರ್ ಹೆಚ್ಚಿರುವ ಅಥವಾ ಕ್ಯಾಸ್ಟರ್ ಕಡಿಮೆ ಇರುವ ಬದಿಗೆ ಎಳೆಯುವುದು ಅದರ ಸ್ವಭಾವ. ಅಂಕಿಗಳು ಸಮನಾಗಿದ್ದರೆ ಮುಂದಿನ ಎರಡು ಟೈರುಗಳನ್ನು ಅದಲು ಬದಲು ಮಾಡಿ ಓಡಿಸಿ. ಎಳೆತದ ದಿಕ್ಕು ಬದಲಾದರೆ ದೋಷ ಟೈರಿನದು. ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುವುದರಿಂದ ಎಡಕ್ಕೆ ತುಸು ಸರಿಯುವುದು ದೋಷವಲ್ಲ. ನೇರ ಓಡುತ್ತಿದ್ದು ಸ್ಟೀರಿಂಗ್ ಮಾತ್ರ ಓರೆಯಿದ್ದರೆ, ಹಿಂದಿನ ಚಕ್ರಗಳ ಥ್ರಸ್ಟ್ ಕೋನ (ಅವು ಒಟ್ಟಾಗಿ ನೋಡುವ ದಿಕ್ಕಿಗೂ ಗಾಡಿಯ ನಡುಗೆರೆಗೂ ಇರುವ ಕೋನ) ನೋಡಿ, ಅದು ಸರಿಯಿದ್ದಲ್ಲಿ ಸ್ಟೀರಿಂಗನ್ನು ನಡುವಿನಲ್ಲಿ ಕಟ್ಟಿ ಎರಡೂ ಟೈ ರಾಡುಗಳನ್ನು ಹೊಂದಿಸಬೇಕು.

ಹೊಸ ಸ್ಪ್ರಿಂಗ್ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ತುಸು ಇಳಿಯುವುದರಿಂದ ಎತ್ತರ, ಕ್ಯಾಂಬರ್ ಬೋಲ್ಟಿನ ಬಿಗಿ, ಟೋ ಮೂರನ್ನೂ ಆಗ ಮತ್ತೊಮ್ಮೆ ನೋಡಿಸಿ, ಮೊದಲ ಹಾಳೆಯೊಂದಿಗೆ ಹೋಲಿಸಿ.