ತರಕಾರಿ ತೊಳೆಯುವ ನೀರಿಗೆ ಎರಡು ಚಮಚ ಅಡುಗೆ ಸೋಡಾ

ಟೊಮೆಟೊ, ಕ್ಯಾಪ್ಸಿಕಂ, ಬದನೆಕಾಯಿ ತಂದರೆ ಸುಮ್ನೆ ನಲ್ಲಿ ಕೆಳಗೆ ಹಿಡಿದು ಬಿಡಬೇಡಿ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ, ಅಂದರೆ ಸುಮಾರು 10 ಗ್ರಾಂ ಅಡುಗೆ ಸೋಡಾ ಕರಗಿಸಿ, ಹೆಚ್ಚುವ ಮೊದಲೇ 15 ನಿಮಿಷ ಮುಳುಗಿಸಿಡಿ. ಆಮೇಲೆ ಕೈಯಲ್ಲಿ ಉಜ್ಜಿ ಎರಡು ಸಲ ಒಳ್ಳೆ ನೀರಲ್ಲಿ ತೊಳೆಯಿರಿ. ಬದನೆಯ ತೊಟ್ಟಿನ ಟೋಪಿ ಕೆಳಗೆ, ಕ್ಯಾಪ್ಸಿಕಂ ತೊಟ್ಟಿನ ಗುಳಿಯಲ್ಲಿ ಬೆರಳು ಆಡಿಸಿ. ಸಿಂಪಡಿಸಿದ ಔಷಧಿ ನಿಲ್ಲುವುದೇ ಅಲ್ಲಿ. ಕೆಲವು ಕೀಟನಾಶಕಗಳು ಸೋಡಾದಂಥ ಕ್ಷಾರದ ನೀರಿನಲ್ಲಿ ಒಡೆದು ಹೋಗುತ್ತವೆ. ಬರೀ ನೀರಿಗೆ ಅಷ್ಟು ಬೇಗ ಜಗ್ಗುವುದಿಲ್ಲ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಇದೇ ಹದದ ನೀರಲ್ಲಿ ಸೇಬು ನೆನೆಸಿ ನೋಡಿದ್ದರು. ಸಿಪ್ಪೆ ಮೇಲಿದ್ದ ಎರಡು ಔಷಧಿಗಳು 12ರಿಂದ 15 ನಿಮಿಷದಲ್ಲಿ ಹೋದವು. ಸಿಪ್ಪೆಯೊಳಗೆ ಇಳಿದದ್ದು ಮಾತ್ರ ಪೂರ್ತಿ ಹೋಗಲಿಲ್ಲ. ಇದು ಕೆಲಸ ಮಾಡದಿರುವುದೂ ಇಲ್ಲೇ. ಇಮಿಡಾಕ್ಲೋಪ್ರಿಡ್ ತರಹದ ಔಷಧಿಯನ್ನು ಗಿಡವೇ ಹೀರಿಕೊಳ್ಳುತ್ತದೆ. ಅದು ಕಾಯಿಯೊಳಗೆ ಸೇರಿದ್ದರೆ ಎಷ್ಟು ತೊಳೆದರೂ ಬರುವುದಿಲ್ಲ. ಸೌತೆಕಾಯಿಯಂಥದ್ದಾದರೆ ಸಿಪ್ಪೆ ತೆಗೆಯುವುದು ಇನ್ನೂ ಒಳ್ಳೆಯದು. ಹೂಕೋಸನ್ನು ಬಿಡಿಸಿಯೇ ನೆನೆಸಿ, ಇಡೀ ಗೆಡ್ಡೆ ಹಾಕಿದರೆ ನೀರು ಒಳಗೆ ಸರಿಯಾಗಿ ಹೋಗುವುದಿಲ್ಲ. ಸೊಪ್ಪನ್ನು ಜಾಸ್ತಿ ಹೊತ್ತು ಸೋಡಾದಲ್ಲಿ ಬಿಟ್ಟರೆ ಬಾಡುತ್ತದೆ. ಅದಕ್ಕೆ ಅಗಲ ಪಾತ್ರೆಯಲ್ಲಿ ನೀರು ಬದಲಿಸುತ್ತಾ ಮೂರು ನಾಲ್ಕು ಸಲ ಜಾಲಿಸಿದರೆ ಸಾಕು. ಪಾತ್ರೆ ತೊಳೆಯುವ ಸೋಪು ಮಾತ್ರ ಯಾವ ತರಕಾರಿಗೂ ಬೇಡ, ಅದು ತರಕಾರಿಯಲ್ಲೇ ಉಳಿಯಬಹುದು. ಫ್ರಿಜ್‌ಗೆ ಇಡುವ ಮುಂಚೆ ತೊಳೆದಿಡಬೇಡಿ, ತೇವಕ್ಕೆ ಕೊಳೆಯುತ್ತದೆ. ಅಡುಗೆಗೆ ಮುಂಚೆ ತೊಳೆದರೆ ಆಯಿತು.