ಒಂದು ಸಾಲು ಸೇರಿಸಲು 200 ಸಾಲು ಯಾಕೆ?

ಪುಣೆಯ ಹಿಂಜವಡಿಯ ನಮ್ಮ ಆಫೀಸಿನಲ್ಲಿ ಸ್ಕ್ರಿಪ್ಟ್‌ಗಳ ತಲೆಗೆ ‘#!’ ಸಾಲು (ಸ್ಕ್ರಿಪ್ಟನ್ನು ಯಾವ ಪ್ರೋಗ್ರಾಮ್, ಅಂದರೆ ಇಂಟರ್‌ಪ್ರಿಟರ್, ಓಡಿಸಬೇಕೆಂದು ಹೇಳುವ ಮೊದಲ ಸಾಲು) ಹಾಕಿಕೊಡುವ ಶೆಲ್ ಟೂಲ್ ಒಂದಿತ್ತು. ಕೆಲಸ ಪುಟ್ಟದು, ಕೋಡ್ ಮಾತ್ರ 200 ಸಾಲು ದಾಟಿತ್ತು. ಫೈಲಿನ ಹೆಸರು ನೋಡಿ ಭಾಷೆ ಊಹಿಸುವುದು, ಇಂಟರ್‌ಪ್ರಿಟರ್ ಹುಡುಕುವುದು, ಬ್ಯಾಕಪ್ ಇಡುವುದು, ‘ಸೇರಿಸಲೇ?’ ಎಂದು ಕೇಳುವುದು, ಎಲ್ಲ ಅದರಲ್ಲೇ. ವಿಜಯಪುರದಿಂದ ಬಂದು ಹೊಸದಾಗಿ ಟೀಮ್ ಸೇರಿದ ಹುಡುಗಿ ಅದನ್ನು ಓದಿ, “ಸರ್, ಒಂದ್ ಸಾಲ್ ಬರ್ಯಾಕ ಇಷ್ಟೆಲ್ಲಾ ಯಾಕ್ರಿ?” ಎಂದಳು. ಇಬ್ಬರೂ ಕೂತು ಬಿಚ್ಚತೊಡಗಿದೆವು.

ಮೊದಲು ತೆಗೆದದ್ದು ಊಹೆಯನ್ನು. ಹೆಸರಿನ ಕೊನೆಗೆ ‘.ಎಸ್‌ಎಚ್’ ಇದ್ದ ಮಾತ್ರಕ್ಕೆ ಅದು ಬ್ಯಾಷ್ ಎಂಬ ಶೆಲ್ಲಿನದೋ ಸಾದಾ ಶೆಲ್ಲಿನದೋ ಗೊತ್ತಾಗದು. ಉಬುಂಟುವಿನಲ್ಲಿ 2006ರಿಂದ ಸಾದಾ ‘ಎಸ್‌ಎಚ್’ ಎಂದರೆ ಡ್ಯಾಷ್ ಎಂಬ ಇನ್ನೊಂದು ಶೆಲ್. ಬ್ಯಾಷ್‌ನ ಅರೇಗಳು (ಪಟ್ಟಿಗಳು) ಅಲ್ಲಿ ನಡೆಯುವುದಿಲ್ಲ. ಬರೆದವರಿಗೆ ಗೊತ್ತಿರುವುದನ್ನು ಟೂಲ್ ಯಾಕೆ ಊಹಿಸಬೇಕು? ಈಗ ಇಂಟರ್‌ಪ್ರಿಟರ್ ಹೆಸರನ್ನು ನಾವೇ ಕೊಡಬೇಕು. ಅದು ‘/’ನಿಂದ ಶುರುವಾದರೆ ಟೂಲ್ ಹಾಗೇ ಬರೆಯುತ್ತದೆ, ಇಲ್ಲದಿದ್ದರೆ ಮುಂದೆ ‘ಎನ್ವ್’ (ಪ್ರೋಗ್ರಾಮ್ ಎಲ್ಲಿದೆಯೆಂದು ಹುಡುಕಿ ಓಡಿಸುವ ಕಮಾಂಡ್) ಸೇರಿಸುತ್ತದೆ. ಮ್ಯಾಕ್ ಜೊತೆ ಬರುವ ಬ್ಯಾಷ್ ಇನ್ನೂ 3.2, ಹೊಸದನ್ನು ಬೇರೆ ಕಡೆ ಹಾಕಿಕೊಂಡವರಿಗೆ ಎನ್ವ್ ಬೇಕೇ ಬೇಕು. ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ತಾನೇ) ಓಡುವ ಸ್ಕ್ರಿಪ್ಟ್‌ಗಳಿಗೆ ಇಂಟರ್‌ಪ್ರಿಟರ್‌ನ ಪೂರ್ತಿ ಪಾತ್ (ವಿಳಾಸ) ಕೊಡುತ್ತೇವೆ.

ಸಾಲು ಮೊದಲೇ ಇದೆಯೇ ಎಂದು ನೋಡಲು ಹಳೆಯ ಟೂಲ್ ಇಡೀ ಫೈಲನ್ನು ಗ್ರೆಪ್ ಎಂಬ ಹುಡುಕುವ ಕಮಾಂಡಿನಿಂದ ಜಾಲಾಡುತ್ತಿತ್ತು. ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ‘#!’ ಹುಡುಕುವುದು ಮೊದಲ ಎರಡು ಬೈಟ್‌ಗಳಲ್ಲಿ ಮಾತ್ರ. ಎರಡನೇ ಸಾಲಿನಲ್ಲಿದ್ದರೆ ಅದು ಬರೀ ಕಾಮೆಂಟ್. ಹಾಗಾಗಿ ‘ರೀಡ್’ನಿಂದ ಒಂದೇ ಸಾಲು ಓದಿ ‘ಕೇಸ್’ಗೆ ಕೊಟ್ಟೆವು. ಆ ಸಾಲಿನ ಕೊನೆಗೆ ವಿಂಡೋಸ್‌ನ ಕ್ಯಾರೇಜ್ ರಿಟರ್ನ್ ಅಂಟಿಕೊಂಡಿದ್ದರೆ ಹೊಸ ಟೂಲ್ ಎಚ್ಚರಿಸುತ್ತದೆ. ಕರ್ನಲ್ ಆ ಕಾಣದ ಅಕ್ಷರವನ್ನೂ ಹೆಸರಿಗೆ ಸೇರಿಸಿ ಹುಡುಕುವುದರಿಂದ, ಕಣ್ಣೆದುರೇ ಇರುವ ಬ್ಯಾಷ್ ಸಿಗುವುದಿಲ್ಲ.

ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಫೈಲಿಗೆ ಬರೆಯುವ ಭಾಗ. ಫೈಲನ್ನು ಅಲ್ಲೇ ತಿದ್ದುವ ‘ಸೆಡ್ -ಐ’ ಕಮಾಂಡ್ ಲಿನಕ್ಸ್‌ನಲ್ಲಿ ಒಂದು ಥರ, ಮ್ಯಾಕ್‌ನಲ್ಲಿ ಇನ್ನೊಂದು ಥರ. ಖಾಲಿ ಫೈಲಿಗಂತೂ ಏನೂ ಸೇರಿಸುವುದಿಲ್ಲ. ಅದನ್ನು ಬಿಟ್ಟೆವು. ‘ಎಂಕೆಟೆಂಪ್’ನಿಂದ ತಾತ್ಕಾಲಿಕ ಫೈಲ್, ಅದಕ್ಕೆ ‘ಪ್ರಿಂಟ್‌ಎಫ್’ನಿಂದ ಹೊಸ ಸಾಲು, ಬೆನ್ನಿಗೇ ‘ಕ್ಯಾಟ್’ನಿಂದ ಹಳೆಯ ಫೈಲ್. ಎರಡೂ ಸರಿಯಾಗಿ ಮುಗಿದರೆ ಮಾತ್ರ ‘&&’ ದಾಟಿ ಮೂಲ ಫೈಲಿನ ಮೇಲೆ ಮತ್ತೆ ಕ್ಯಾಟ್. ಅದೂ ಆದಮೇಲೆಯೇ ತಾತ್ಕಾಲಿಕ ಫೈಲ್ ಅಳಿಸುವುದು. ನಡುವೆ ಡಿಸ್ಕ್ ತುಂಬಿದರೂ ಎರಡರಲ್ಲೊಂದು ಪ್ರತಿ ಪೂರ್ತಿಯಾಗಿ ಉಳಿದಿರುತ್ತದೆ.

“ಎಂವಿ ಮಾಡಿದ್ರ ಸಾಲೂದಿಲ್ಲೇನ್ರಿ?” ಎಂದು ಕೇಳಿದಳು. ಎಂಕೆಟೆಂಪ್ ಕೊಡುವ ಫೈಲಿನ ಪರ್ಮಿಷನ್ 600, ಅಂದರೆ ಒಡೆಯ ಮಾತ್ರ ಓದಿ ಬರೆಯಬಹುದು, ಓಡಿಸಲಾಗದು. ಎಂವಿ ಮಾಡಿದರೆ, ಅಂದರೆ ತಾತ್ಕಾಲಿಕ ಫೈಲನ್ನೇ ಮೂಲದ ಜಾಗಕ್ಕೆ ಸರಿಸಿದರೆ, 755 (ಎಲ್ಲರೂ ಓಡಿಸಬಹುದು) ಇದ್ದ ಸ್ಕ್ರಿಪ್ಟ್ 600 ಆಗಿಬಿಡುತ್ತದೆ, ಹಾರ್ಡ್‌ಲಿಂಕ್ (ಅದೇ ಫೈಲಿನ ಇನ್ನೊಂದು ಹೆಸರು) ಕಡಿದುಹೋಗುತ್ತದೆ, ಸಿಮ್‌ಲಿಂಕ್ (ಬೇರೆ ಫೈಲಿನತ್ತ ತೋರಿಸುವ ಕೈಮರ) ಇದ್ದ ಜಾಗಕ್ಕೆ ಬೇರೆಯೇ ಫೈಲ್ ಬಂದು ಕೂರುತ್ತದೆ. ಕ್ಯಾಟ್ ಒಳಗಿನದನ್ನಷ್ಟೇ ಬದಲಿಸುತ್ತದೆ. ಓಡಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಫೈಲಿನ ವಿವರ ಕೊಡುವ ‘ಎಲ್‌ಎಸ್ -ಎಲ್‌ಐ’ ಹಾಕಿ ತೋರಿಸಿದೆ. ಐನೋಡ್ ನಂಬರ್ (ಡಿಸ್ಕ್‌ನಲ್ಲಿ ಫೈಲಿನ ಗುರುತಿನ ಸಂಖ್ಯೆ) ಅದೇ, ಪರ್ಮಿಷನ್ ಅದೇ. ಸೈಜ್ ಮಾತ್ರ ಹೆಚ್ಚಾಗಿತ್ತು.

ಈಗ ಇಡೀ ಟೂಲ್ ಒಂದೇ ಸ್ಕ್ರೀನಿನಲ್ಲಿ ಹಿಡಿಸುತ್ತದೆ. ಇಂಟರ್‌ಪ್ರಿಟರ್‌ಗೆ ಆಪ್ಷನ್ ಕೊಡುವ ಸೌಲಭ್ಯವೂ ಇರಲಿ ಎಂದವರಿದ್ದಾರೆ, ನಾನು ಸೇರಿಸಿಲ್ಲ. ಲಿನಕ್ಸ್ ಎನ್ವ್ ನಂತರದ್ದನ್ನೆಲ್ಲ ಒಂದೇ ಆರ್ಗ್ಯುಮೆಂಟ್ ಆಗಿ ಕಳಿಸುತ್ತದೆ, ಎನ್ವ್ ‘ಪೈಥಾನ್3 -ಯು’ ಎಂಬ ಹೆಸರಿನ ಪ್ರೋಗ್ರಾಮನ್ನೇ ಹುಡುಕಲು ಹೊರಡುತ್ತದೆ. ಅದನ್ನು ಬಿಡಿಸಿಕೊಡುವ ‘-ಎಸ್’ ಗ್ನೂ ಎನ್ವ್‌ಗೆ ಬಂದದ್ದು 2018ರಲ್ಲಿ, ನಮ್ಮ ಕೆಲವು ಸರ್ವರ್‌ಗಳು ಅದಕ್ಕಿಂತ ಹಳೆಯವು.