ಲೇಸರ್ ಸಿಟ್ಟಿಂಗ್‌ಗಳ ಕ್ರಮ ಮತ್ತು ಅಂತರ: ನನ್ನ ಅನುಭವ

ಮುಖದ ಲೇಸರ್ ಚಿಕಿತ್ಸೆಗೆ ದಿನ ಗೊತ್ತುಮಾಡುವ ಮೊದಲು ಬಂದವರಿಗೆ ಎರಡು ಪ್ರಶ್ನೆ ಕೇಳುತ್ತೇನೆ. ಕಳೆದ ನಾಲ್ಕು ವಾರದಲ್ಲಿ ಬಿಸಿಲಿಗೆ ಮುಖ ಕಪ್ಪಾಗಿದೆಯೇ? ತುಟಿಯ ಸುತ್ತ ಹರ್ಪಿಸ್ ಗುಳ್ಳೆ ಎಂದಾದರೂ ಎದ್ದಿತ್ತೇ? ಕಪ್ಪಾಗಿದ್ದರೆ ಐಪಿಎಲ್ (ತೀವ್ರ ಬೆಳಕಿನ ಮಿಂಚುಗಳ ಚಿಕಿತ್ಸೆ) ಮುಂದೂಡುತ್ತೇನೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿದ್ದು, ಅದು ಬೆಳಕನ್ನು ಮೇಲ್ಪದರದಲ್ಲೇ ಹೀರಿಕೊಂಡು ಚರ್ಮ ಸುಡುತ್ತದೆ. ಇಡೀ ಮುಖಕ್ಕೆ ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ (ಚರ್ಮದಲ್ಲಿ ಸಣ್ಣ ಸಣ್ಣ ರಂಧ್ರ ಕೊರೆಯುವ ಲೇಸರ್) ಮಾಡುವುದಾದರೆ ಗುಳ್ಳೆ ಬಂದಿರಲಿ, ಬಿಡಲಿ, ಹರ್ಪಿಸ್ ತಡೆಯುವ ವಾಲಸೈಕ್ಲೊವಿರ್ ಮಾತ್ರೆ 500 ಮಿ.ಗ್ರಾಂ. ದಿನಕ್ಕೆರಡು ಬಾರಿ, ಹಿಂದಿನ ದಿನದಿಂದಲೇ ಶುರುಮಾಡಿ ಹೊಸ ಚರ್ಮ ಮುಚ್ಚಿಕೊಳ್ಳುವವರೆಗೆ ಕೊಡುತ್ತೇನೆ. ರೆಟಿನಾಯ್ಡ್ (ವಿಟಮಿನ್ ಎ ಜಾತಿಯ) ಕ್ರೀಮನ್ನು ಒಂದು ವಾರ ಮುಂಚೆ ನಿಲ್ಲಿಸಬೇಕು.

ಒಂದೇ ದಿನ ಎರಡು ಲೇಸರ್ ಸೇರಿಸುವಾಗ ಕ್ರಮವೇ ಮುಖ್ಯ. ರಕ್ತನಾಳದ ಕೆಂಪು ಮತ್ತು ಚರ್ಮದ ಕಂದು ಬಣ್ಣಕ್ಕೆ ಗುರಿಯಿಟ್ಟವು ಮೊದಲು: 595 ನ್ಯಾನೋಮೀಟರಿನ ಡೈ ಲೇಸರ್ ಅಥವಾ ಐಪಿಎಲ್. ರಂಧ್ರ ಕೊರೆಯುವ ಫ್ರ್ಯಾಕ್ಷನಲ್ ಕೊನೆಗೆ. ತಿರುವುಮುರುವು ಮಾಡಿದರೆ, ಆಗಲೇ ಕೆಂಪೇರಿ ರಕ್ತ ತುಂಬಿದ, ರಸ ಸೋರುವ ಚರ್ಮದ ಮೇಲೆ ಐಪಿಎಲ್ ಬೀಳುತ್ತದೆ. ಹಿಮೋಗ್ಲೋಬಿನ್ ಎಣಿಸಿದ್ದಕ್ಕಿಂತ ಹೆಚ್ಚು ಶಾಖ ಹಿಡಿಯುತ್ತದೆ, ಐಪಿಎಲ್‌ಗೆಂದು ಹಚ್ಚುವ ಜೆಲ್ ಬೇರೆ ತೆರೆದ ಗಾಯಕ್ಕೆ ಹೋಗುತ್ತದೆ. ಎರಡನ್ನೂ ಮಾಡುವ ದಿನ ಎರಡರ ಸೆಟ್ಟಿಂಗನ್ನೂ ತಗ್ಗಿಸುತ್ತೇನೆ. ಮೊದಲನೆಯದರ ನಂತರ ಊತ ಎದ್ದುಕಂಡರೆ ಎರಡನೆಯದು ಅಂದು ಇಲ್ಲ.

ಫ್ರ್ಯಾಕ್ಷನಲ್‌ನಲ್ಲಿ ಕಂದು ಚರ್ಮಕ್ಕೆ ಅಪಾಯ ತರುವುದು ಹೆಚ್ಚಾಗಿ ಡೆನ್ಸಿಟಿ, ಅಂದರೆ ರಂಧ್ರಗಳು ಚರ್ಮದ ಶೇಕಡಾ ಎಷ್ಟು ಭಾಗ ಆವರಿಸುತ್ತವೆ ಎಂಬುದು. ಎನರ್ಜಿ ಏರಿಸಿದರೆ ರಂಧ್ರ ಆಳವಾಗುತ್ತದೆ. ಡೆನ್ಸಿಟಿ ಏರಿಸಿದರೆ ರಂಧ್ರಗಳ ನಡುವೆ ಉಳಿದ ಆರೋಗ್ಯವಂತ ಚರ್ಮವೂ ಬಿಸಿಯಾಗುತ್ತದೆ. ಮೊಡವೆ ಗುಳಿಗಳಿಗೆ ಆಳ ಬೇಕೇಬೇಕು, ಹಾಗಾಗಿ ಡೆನ್ಸಿಟಿಯನ್ನು ಶೇ. 5ರ ಸುತ್ತ ಇಟ್ಟು ಸಿಟ್ಟಿಂಗ್ ಹೆಚ್ಚಿಸುವುದು ನನ್ನ ದಾರಿ. ಒಂದೇ ಜಾಗದಲ್ಲಿ ಪಾಸ್ ಮೇಲೆ ಪಾಸ್ (ಲೇಸರನ್ನು ಮತ್ತೆ ಮತ್ತೆ ಹಾಯಿಸುವುದು) ಕೊಡುವಾಗ ನಡುವೆ ತಣ್ಣಗಾಗಲು ಬಿಡದಿರುವುದೂ ಅದೇ ತಪ್ಪು. ಮರಗಟ್ಟಿಸುವ ಕ್ರೀಮನ್ನು ಪೂರ್ತಿ ಒರೆಸಿ, ಚರ್ಮ ಒಣಗಿದ ಮೇಲೆಯೇ ಹ್ಯಾಂಡ್‌ಪೀಸ್ ಕೈಗೆತ್ತಿಕೊಳ್ಳಬೇಕು. ಸ್ಪಿರಿಟ್‌ನಿಂದ ಒರೆಸಿದ್ದರಂತೂ ಬೆಂಕಿಯ ಭಯ ಇದ್ದೇ ಇದೆ.

ಅಂತರದ ವಿಷಯ: ಐಪಿಎಲ್‌ಗೆ ಮೂರರಿಂದ ನಾಲ್ಕು ವಾರ, ಮೇಲ್ಪದರ ಕೊರೆಯದೆ ಒಳಗೆ ಕಾಯಿಸುವ 1550 ನ್ಯಾನೋಮೀಟರಿನ ಫ್ರ್ಯಾಕ್ಷನಲ್‌ಗೆ ನಾಲ್ಕು, ಕಾರ್ಬನ್ ಡೈಆಕ್ಸೈಡ್‌ಗೆ ಆರರಿಂದ ಎಂಟು. ಹಕ್ಕಳೆ ಒಂದು ವಾರದಲ್ಲಿ ಉದುರುತ್ತದೆ, ಮುಖ ಚೆನ್ನಾಗಿ ಕಾಣುತ್ತದೆ, 'ಇನ್ನೊಂದು ಬೇಗ ಮಾಡಿ' ಎನ್ನುತ್ತಾರೆ. ಆದರೆ ಕಪ್ಪು ಕಲೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ವಾರದಲ್ಲಿ. ಅದು ಬರುತ್ತದೋ ಇಲ್ಲವೋ ನೋಡದೆ ಮುಂದಿನ ಸಿಟ್ಟಿಂಗ್ ಕೊಡುವುದಿಲ್ಲ. ಕಲೆ ಬಂದರೆ ಲೇಸರ್ ನಿಲ್ಲಿಸಿ, ಸನ್‌ಸ್ಕ್ರೀನ್ ಮತ್ತು ಬಣ್ಣ ತಿಳಿಗೊಳಿಸುವ ಕ್ರೀಮಿನಿಂದ ಅದು ಮಾಸುವವರೆಗೆ ಕಾಯುತ್ತೇನೆ. ಪ್ಯಾಕೇಜಿನ ಕ್ಯಾಲೆಂಡರ್ ಆಮೇಲೆ.

ಮದುವೆಯಂತಹ ಸಮಾರಂಭ ಇದ್ದರೆ ಆ ದಿನದಿಂದ ಹಿಂದಕ್ಕೆ ಎಣಿಸುತ್ತೇನೆ. ಕೊನೆಯ ಕಾರ್ಬನ್ ಡೈಆಕ್ಸೈಡ್ ಸಿಟ್ಟಿಂಗ್ ಕನಿಷ್ಠ ಮೂರು ತಿಂಗಳು ಮುಂಚೆ ಮುಗಿದಿರಬೇಕು. ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಕಟ್ಟಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಫಿಲ್ಲರ್ (ತಗ್ಗು ತುಂಬುವ ಚುಚ್ಚುಮದ್ದು) ಬೇಕಾದರೆ ಲೇಸರ್ ಮುಗಿದು ಊತ ಪೂರ್ತಿ ಇಳಿದ ಮೇಲೆ. ಸ್ನಾಯು ಸಡಿಲಿಸಿ ಸುಕ್ಕು ಇಳಿಸುವ ಬೊಟಾಕ್ಸನ್ನು ಲೇಸರ್‌ಗೆ ಒಂದೆರಡು ವಾರ ಮೊದಲೇ ಕೊಡುತ್ತೇನೆ, ಊದಿದ ಮುಖಕ್ಕೆ ಚುಚ್ಚಿದರೆ ಔಷಧ ಬೇಡದ ಸ್ನಾಯುವಿಗೆ ಹರಡಬಹುದು.

ಕುತ್ತಿಗೆಗೆ ಮುಖದ ಸೆಟ್ಟಿಂಗ್ ಹಾಕಲೇಬಾರದು. ಅಲ್ಲಿ ರೋಮಕೂಪಗಳು ಕಡಿಮೆ, ಗಾಯ ನಿಧಾನವಾಗಿ ಮಾಯುತ್ತದೆ, ಗಡುಸು ಗಾಯದ ಗುರುತು ಉಳಿಯಬಹುದು. ಬಂಗು ಇರುವವರಿಗಂತೂ ಕಾರ್ಬನ್ ಡೈಆಕ್ಸೈಡ್ ಬೇಡವೆಂದೇ ಹೇಳುತ್ತೇನೆ. ಆ ಶಾಖಕ್ಕೆ ಬಂಗು ಇನ್ನಷ್ಟು ಕಪ್ಪಾಗುತ್ತದೆ.